ಮಹಾಕೂಟದ ಗುಡ್ಡದಲ್ಲಿ ನನ್ನ ಮುಂದೆ ಓಡಿದವನು

ಇಂಥ ಸಂಗತಿಯನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಓದು ನಿಲ್ಲಿಸುತ್ತಿದ್ದೆ. ಮೂವತ್ತೆರಡು ವರ್ಷ ಲೈನ್‌ಮನ್ ಕೆಲಸ ಮಾಡಿದವನು ನಾನು. ಸ್ಮಶಾನದ ಪಕ್ಕದ ಕಂಬ, ಪಾಳುಗುಡಿಯ ಹಿಂದಿನ ಕಂಬ, ಯಾವುದಕ್ಕೂ ಹಿಂಜರಿದವನಲ್ಲ. ಜೊತೆಗಾರರು ದೆವ್ವದ ಮಾತು ತೆಗೆದರೆ, ಕರೆಂಟಿಗಿಂತ ದೊಡ್ಡ ದೆವ್ವ ನಾನು ನೋಡಿಲ್ಲ ಎಂದು ನಗುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಆ ಬೆಳಿಗ್ಗೆ ನಡೆದದ್ದನ್ನು ನಡೆದಿಲ್ಲ ಎನ್ನಲು ನನ್ನಿಂದ ಆಗುವುದಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಬಾದಾಮಿಯಲ್ಲಿ ಕೆಲಸದಲ್ಲಿದ್ದೆ. ಕೆರೂರ ದಾರಿಯ ಒಂದು ಕಂಬದ ಮೇಲಿಂದ ಬಿದ್ದು ಬಲಗಾಲಿನ ಪಾದದ ಕೀಲು ಮುರಿದುಕೊಂಡೆ. ಎರಡು ತಿಂಗಳು ಪ್ಲಾಸ್ಟರ್. ಬಿಚ್ಚಿದ ಮೇಲೆ ಕಾಲು ಜಾಲಿಯ ಕೋಲಿನ ಹಾಗೆ ಒಣಗಿಹೋಗಿತ್ತು. ಕುಂಟುತ್ತ ಆಫೀಸಿಗೆ ಹೋದರೆ, ಸಾಹೇಬರು ನನ್ನನ್ನು ಟೆಲಿಫೋನಿನ ಮುಂದೆ ಕೂರಿಸಿ ದೂರು ಬರೆದುಕೊಳ್ಳಲು ಹೇಳಿದರು. ಒಂದು ವಾರಕ್ಕೆಂದು ಕೂತವನಿಗೆ ನಾಲ್ಕು ತಿಂಗಳಾಯಿತು. ಒಂದು ದಿನ ಅವರು ಕರೆದು, ನನಗೆ ಕಾಯಂ ಕೂತು ಮಾಡುವ ಕೆಲಸ ಕೊಡಬೇಕೆಂದು ಮೇಲಕ್ಕೆ ಬರೆಯುವುದಾಗಿ ಹೇಳಿದರು.

"ನಾ ಕಂಬ ಹತ್ತತೇನ್ರಿ," ಎಂದೆ.

"ಮೆಟ್ಟಲಾ ಹತ್ತಾಕ ಗ್ವಾಡಿ ಹಿಡೀತಿ. ಕಂಬ ಏನ್ ಹತ್ತತಿಯೋ?"

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ಆ ಕರುಣೆಯೇ ನನಗೆ ತಡೆಯಲಾಗಲಿಲ್ಲ. ಆಗ ಊರಿನ ತರುಣರ ಸಂಘದವರು ಗುಡ್ಡದ ಓಟ ಇಟ್ಟಿದ್ದರು. ಬಾದಾಮಿಯ ಕೆರೆಯ ದಂಡೆಯಿಂದ ಮೆಟ್ಟಿಲು ಹತ್ತಿ, ಬಂಡೆಗಳ ಮೇಲಿನ ಕಾಲುದಾರಿಯಲ್ಲಿ ಗುಡ್ಡದ ಆಚೆಯ ಮಹಾಕೂಟದ ಗುಡಿಗೆ ಇಳಿದು, ಅಲ್ಲಿ ತಮ್ಮ ನಂಬರಿನ ತಗಡಿನ ಬಿಲ್ಲೆ ತೆಗೆದುಕೊಂಡು ಅದೇ ದಾರಿಯಲ್ಲಿ ತಿರುಗಿ ಬರಬೇಕು. ಬಿದ್ದ ಮೇಲೆ ಒಮ್ಮೆಯೂ ಓಡದವನು ಹೋಗಿ ಹೆಸರು ಬರೆಸಿದೆ. ಹದಿನೇಳನೇ ನಂಬರ್ ಸಿಕ್ಕಿತು. ಮರುದಿನ ಸಾಹೇಬರ ಮುಂದೆ ನಿಂತು, "ನಾ ಆ ಓಟ ಮುಗಿಸಿದ್ರ ನನಗ ಏಣಿ ತಿರುಗಿ ಕೊಡ್ರಿ," ಎಂದೆ. ಅವರು ನಕ್ಕು, ಆಗಲಿ ಎಂದರು.

ಹೆಂಡತಿ ಶಾಂತವ್ವ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಓಟದ ದಿನ ಬೆಳಿಗ್ಗೆ ಮಾತ್ರ ತಾನೇ ಎದ್ದು, ತನ್ನದೊಂದು ಹಳೆಯ ಇಳಕಲ್ ಸೀರೆಯ ಕೆಂಪು ದಡಿ ಹರಿದು, ನನ್ನ ಪಾದಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿದಳು.

"ಬಿದ್ರ ನಾ ಎತ್ತಾಕ ಬರೂದಿಲ್ಲ," ಎಂದಳು. ಹಾಗೆಂದು, ಕಟ್ಟಿದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

ಸುಮಾರು ಮೂವತ್ತು ಜನ ಓಡಿದೆವು. ಮೆಟ್ಟಿಲುಗಳಲ್ಲೇ ಹೆಚ್ಚುಕಡಿಮೆ ಎಲ್ಲರೂ ನನ್ನನ್ನು ಹಿಂದೆ ಹಾಕಿದರು. ಗುಡ್ಡದ ನೆತ್ತಿ ಮುಟ್ಟುವಷ್ಟರಲ್ಲಿ ನನ್ನ ಹಿಂದೆ ಒಂದಿಬ್ಬರು ಇದ್ದರೋ ಇಲ್ಲವೋ. ಅಲ್ಲಿ ಹನಮಂತಪ್ಪ ಮಾಸ್ತರರು ಕೊಡೆ ಹಿಡಿದು ಬಂಡೆಯ ಮೇಲೆ ಕೂತು, ದಾಟಿದವರ ನಂಬರು ಮತ್ತು ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಸಾಲಿಯಿಂದ ನಿವೃತ್ತರಾದವರು, ಲೆಕ್ಕದ ಮಾಸ್ತರರು, ತಪ್ಪನ್ನು ಸಹಿಸದವರು. ನನ್ನನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡರು.

"ನೀ ಆಗಲೇ ಹೋದಿಯಲ್ಲೋ. ಹದಿನೇಳು. ಬರ್ದೇನಿ, ನೋಡು."

ಬರೆದಿದ್ದರು. ಹದಿನೇಳು, ಏಳು ಗಂಟೆ ಐದು ನಿಮಿಷ. ಆಗ ಅವರ ಗಡಿಯಾರದಲ್ಲಿ ಏಳೂ ಇಪ್ಪತ್ತೆರಡು.

"ಬ್ಯಾರೆ ಯಾರರ ಇರಬೇಕ್ರಿ ಸರ."

"ಬ್ಯಾರೆಯವನಲ್ಲ. ಕೆಂಪು ದಡಿ ಪಟ್ಟಿ ಕಟ್ಟಿದ್ದಿ. ಅಡ್ಡಿಲ್ಲ, ಕಾಲು ಗುಣಾ ಆತು ಅಂದ್ಕೊಂಡೆ. ಆಗ ಕುಂಟತಿರಲಿಲ್ಲ ನೀ."

ಮಾಸ್ತರರಿಗೆ ವಯಸ್ಸಾಯಿತು ಎಂದುಕೊಂಡು ಮುಂದೆ ಹೋದೆ. ಅವರು ಗೊಣಗುತ್ತಲೇ ಎರಡನೇ ಸಲ ನನ್ನ ನಂಬರ್ ಬರೆದುಕೊಂಡರು. ಮಹಾಕೂಟದ ಕಡೆಯ ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಗೂ ನೋವು ಮೊಳಕಾಲಿನ ತನಕ ಏರುತ್ತಿತ್ತು. ಆ ಮಾತನ್ನು ಅಲ್ಲಿಯೇ ಮರೆತೆ.

ಮಹಾಕೂಟದ ಗುಡಿಯ ಬಾಗಿಲಲ್ಲಿ ಸಂಘದ ಒಬ್ಬಾತ ಹಲಗೆಗೆ ಮೊಳೆ ಹೊಡೆದು ಬಿಲ್ಲೆಗಳನ್ನು ನೇತುಹಾಕಿದ್ದ. ಹದಿನೇಳರ ಮೊಳೆ ಖಾಲಿ ಇತ್ತು. ಕೇಳಿದರೆ ಅವನಿಗೆ ಸಿಟ್ಟು ಬಂತು. ನಿನ್ನ ಕೈಯಲ್ಲೇ ಕೊಟ್ಟೆನಲ್ಲ, ಎಲ್ಲಿ ಕೆಡವಿದಿ ಎಂದ. ಪಕ್ಕದಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಮೊಸರು ಇಟ್ಟುಕೊಂಡು ಕೂತಿದ್ದ ಗಂಗವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಕರೆಂಟಿನ ಬಿಲ್ಲು ಬರೆಯಲು ಅವಳ ಊರಿಗೆ ಹೋಗುತ್ತಿದ್ದವನು ನಾನು. ಗುರುತಿನ ಹೆಂಗಸು.

"ನೀರು ಕುಡದು ಹೋಗೋ ತಮ್ಮಾ ಅಂದ್ರ ತಿರುಗಿ ಸೈತ ನೋಡಲಿಲ್ಲ ನೀ. ಈಗ ಮತ್ತ ಯಾಕ ಬಂದಿ?"

ಮುಂಜಾನೆಯ ಬಿಸಿಲಿನಲ್ಲೂ ಹೆದರಿಕೆಯಾಗಿ, ಬಗ್ಗಿ ನನ್ನ ಕಾಲಿನ ಪಟ್ಟಿ ಮುಟ್ಟಿ ನೋಡಿಕೊಂಡೆ. ಆ ಪಟ್ಟಿಯನ್ನು ಶಾಂತವ್ವ ಕಟ್ಟಿದ್ದು ಮನೆಯೊಳಗೆ, ದೀಪದ ಬೆಳಕಿನಲ್ಲಿ. ಅದನ್ನು ನೋಡಿ ಅಂಥದ್ದೇ ಇನ್ನೊಂದು ಕಟ್ಟಿಕೊಂಡು ಬರಲು ಯಾರಿಗೆ ಸಮಯವಿತ್ತು?

ಬಿಲ್ಲೆ ಇಲ್ಲದೆ ಓಡಿ ಉಪಯೋಗವಿಲ್ಲ, ಬಸ್ಸಿಗೆ ಹೋಗಿಬಿಡು ಎಂದು ಸಂಘದವನು ಹೇಳಿದ. ಕಾಲು ಊದಿಕೊಂಡಿತ್ತು. ಕೂತರೆ ಯಾರೂ ಬಯ್ಯುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನನ್ನ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು. ನನ್ನ ನಂಬರು, ನನ್ನ ಹೆಂಡತಿ ಕಟ್ಟಿದ ಪಟ್ಟಿ, ನನ್ನ ಬಿಲ್ಲೆ, ಎಲ್ಲ ತೆಗೆದುಕೊಂಡು ಯಾರೋ ನೆಟ್ಟಗಿನ ಕಾಲಿನ ಮೇಲೆ ಹೋಗುತ್ತಿದ್ದಾನೆ. ಯಾರಾದರೂ ಆಗಿರಲಿ. ಗಂಗವ್ವನ ಕೈಯಿಂದ ನೀರು ಇಸಿದುಕೊಂಡು ಕುಡಿದು, ಗುಡ್ಡ ಹತ್ತಲು ತಿರುಗಿದೆ.

ಅರ್ಧ ದಾರಿಯಲ್ಲಿ ಅವನನ್ನು ಕಂಡೆ. ಸುಮಾರು ನಾಲ್ಕು ಕಂಬಗಳ ದೂರದಲ್ಲಿ, ಬಯಲಾದ ಬಂಡೆಯ ಮೇಲೆ, ಬೆನ್ನು ಮಾತ್ರ ಕಾಣುತ್ತಿತ್ತು. ಬಿಳಿ ಬನಿಯನ್, ಕಾಲಿಗೆ ಕೆಂಪು. ಏಣಿ ಹೊತ್ತು ಹೊತ್ತು ನನ್ನ ಎಡಭುಜ ಸ್ವಲ್ಪ ಇಳಿದಿದೆ. ಅವನದೂ ಇಳಿದಿತ್ತು. ಬೀಳುವ ಮೊದಲು ನಾನು ಓಡುತ್ತಿದ್ದ ಹಾಗೆಯೇ, ಸಡಿಲ ಕಲ್ಲುಗಳ ಮೇಲೆ ನೋಡದೆ ಕಾಲಿಡುತ್ತ, ಹಗುರಾಗಿ ಹೋಗುತ್ತಿದ್ದ.

"ಏ ಹದಿನೇಳು, ನಿಲ್ಲಲೇ," ಎಂದು ಕೂಗಿದೆ.

ತಿರುಗಲಿಲ್ಲ. ನಾನು ಬೆನ್ನು ಹತ್ತಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಎರಡು ಸಲ ಬಿದ್ದೆ, ಅಂಗೈ ಕಿತ್ತುಹೋಯಿತು. ಪ್ರತಿ ಸಲ ಎದ್ದು ನೋಡಿದಾಗಲೂ ಅಷ್ಟೇ ದೂರದಲ್ಲಿದ್ದ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನೆತ್ತಿಯ ಸಮೀಪ ದಾರಿ ಎರಡು ಬಂಡೆಗಳ ನಡುವೆ ನುಗ್ಗುತ್ತದೆ. ಅವನು ಒಳಗೆ ಹೋದದ್ದನ್ನು ಕಣ್ಣಾರೆ ಕಂಡೆ. ಹಿಂದೆಯೇ ನಾನೂ ನುಗ್ಗಿ ಆಚೆ ಬಂದರೆ, ಎದುರಿಗೆ ಮಾಸ್ತರರು ಒಬ್ಬರೇ ಕೂತಿದ್ದರು.

"ಈಗ ಯಾರು ಹೋದ್ರು ಸರ?"

"ಯಾರೂ ಇಲ್ಲಲ್ಲ. ನಿನಗಿಂತ ಮೊದ್ಲ ಬಂದಾಂವ ಹೋಗಿ ಭಾಳ ಹೊತ್ತಾತು." ಪುಸ್ತಕದ ಮೇಲೆ ಬೆರಳಾಡಿಸಿ, ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳಿದರು, "ಹೋಗುವಾಗ ಎರಡು ಸಲ ಹೋಗೀದಿ. ಬರುವಾಗ ಒಂದಾ ಸಲ ಬಂದಿ."

ಅಲ್ಲಿಂದ ಕೆಳಗೆ ಹೇಗೆ ಇಳಿದೆನೋ ಸರಿಯಾಗಿ ನೆನಪಿಲ್ಲ. ಕೆರೆಯ ದಂಡೆಯಲ್ಲಿ ಬಹುಮಾನ ಹಂಚುವುದು ಮುಗಿದು, ಜನ ಚದುರುತ್ತಿದ್ದರು. ಸುಣ್ಣದ ಗೆರೆ ದಾಟಿ ನಿಂತೆ. ಸಂಘದ ಹಿರಿಯರು ಬಿಲ್ಲೆ ಕೇಳಿದರು. ಇಲ್ಲವೆಂದೆ. ಬಿಲ್ಲೆ ಇಲ್ಲದಿದ್ದರೆ ಓಟವೇ ಇಲ್ಲ, ಅರ್ಧ ದಾರಿಗೆ ಹೋಗಿ ಬಂದಿರಬೇಕು ಎಂದು ಯಾರೋ ಅಂದರು.

"ಬಿಲ್ಲೆ ಯಾರ ಕಡೆ ಐತಿ ಅಂವನ್ನ ಕರೀರಿ," ಎಂದೆ. "ನನ್ನ ಬಾಜೂ ನಿಂದ್ರಸ್ರಿ. ಆಮ್ಯಾಲೆ ಯಾರು ಓಡಿದ್ರು ಹೇಳ್ರಿ."

ಹದಿನೇಳನೇ ನಂಬರಿನ ಇನ್ನೊಬ್ಬ ಅಲ್ಲಿಗೆ ಬಂದೇ ಇರಲಿಲ್ಲ. ಮಾಸ್ತರರ ಪುಸ್ತಕ ಬಂದ ಮೇಲೆ, ನಾನು ಹೋದ ಹೊತ್ತನ್ನೂ ಬಂದ ಹೊತ್ತನ್ನೂ ನೋಡಿ ಅರ್ಧ ದಾರಿಯ ಮಾತು ಬಿಟ್ಟರು. ಆದರೂ ಓಟ ಮುಗಿಸಿದವರ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಲಿಲ್ಲ. ಸಾಹೇಬರು ಅಲ್ಲಿಯೇ ಇದ್ದರು. ನನ್ನ ಕಾಲನ್ನೂ ರಕ್ತ ಸುರಿಯುವ ಕೈಗಳನ್ನೂ ನೋಡಿ, "ಬಿಲ್ಲೆ ಮಾತು ನನಗ ಬ್ಯಾಡ. ಊತ ಇಳದ ಮ್ಯಾಲ ಏಣಿ ಹೊತಗೊಂಡು ಬಾ," ಎಂದರು. ಒಂದು ತಿಂಗಳಿಗೆ ಕಂಬ ಹತ್ತಿದೆ. ನಿವೃತ್ತಿಯ ತನಕ ಹತ್ತಿದೆ.

ಯಾರಾದರೂ ಚೇಷ್ಟೆ ಮಾಡಿರಬೇಕು ಎಂದು ಗೆಳೆಯರು ಹೇಳಿದರು. ನೋವಿನಿಂದ ಕಣ್ಣು ಮಂಜಾಗಿತ್ತು ಎಂದು ದವಾಖಾನಿಯ ಡಾಕ್ಟರು ಹೇಳಿದರು. ನನ್ನ ಕಣ್ಣು ಮಂಜಾಗಿತ್ತು, ಸರಿ. ಮಾಸ್ತರರಿಗೂ ಗಂಗವ್ವನಿಗೂ ಯಾವ ನೋವಿತ್ತು? ಆ ಬಿಲ್ಲೆ ಗುಡ್ಡದಲ್ಲಾಗಲಿ ಊರಲ್ಲಾಗಲಿ ಇಂದಿನವರೆಗೆ ಸಿಕ್ಕಿಲ್ಲ. ಶಾಂತವ್ವ ಮಾತ್ರ ಎಲ್ಲವನ್ನೂ ಕೇಳಿ, ಅವನು ನಿನ್ನನ್ನು ಕರೆದುಕೊಂಡು ಬರಲು ಬಂದವನು ಎಂದಳು. ಅದನ್ನೂ ನಾನು ಒಪ್ಪಲಿಲ್ಲ. ಅವನು ನನಗೆ ಸಹಾಯ ಮಾಡಲು ಬಂದಿದ್ದರೆ ಒಮ್ಮೆಯಾದರೂ ತಿರುಗಿ ನೋಡುತ್ತಿದ್ದ.

ಆಮೇಲೆ ಆ ದಾರಿಯಲ್ಲಿ ಹಲವು ಸಲ ನಡೆದಿದ್ದೇನೆ, ಒಬ್ಬನೇ, ಬೇಕೆಂದೇ. ಯಾರೂ ಕಾಣಲಿಲ್ಲ. ಅವನು ಯಾರು ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಅವನ ಕಾಲು ಗಟ್ಟಿಯಾಗಿತ್ತು, ನನಗಿಂತ ಮುಂದೆ ಇದ್ದ, ಎರಡನ್ನೂ ಒಪ್ಪುತ್ತೇನೆ. ಆದರೆ ಅವನು ಊರು ಮುಟ್ಟಲಿಲ್ಲ. ನಾನು ಮುಟ್ಟಿದೆ.