ಗುಲಾಬಿಗೆ ತಿರುಗುವ ನೀರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಳಿ ಈ ಕಡೆಗೆ ಬೀಸಿದಾಗ ಕೊಯಮತ್ತೂರಿನ ಹತ್ತಿರದ ಸೋಮನೂರಿನ ಮಗ್ಗಗಳ ಕಟಕಟ ಸದ್ದು ಕೇಳಿಸುತ್ತದೆ, ಗಾಳಿ ನಿಂತರೆ ಅದೂ ನಿಲ್ಲುತ್ತದೆ. ಊರಾಚೆಯ ತೋಟದ ಮನೆಯೊಂದರ ಬಾವಿಕಟ್ಟೆಯ ಪಕ್ಕದಲ್ಲಿ ಸೆಲ್ಲಮ್ಮ ಹೆಗಲ ಚೀಲ ಇಳಿಸಿ ನಿಂತಿದ್ದಾರೆ. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಸೀರೆಯ ಮೇಲೊಂದು ಗಂಡಸರ ಅಂಗಿ. ಮನೆಯ ಹಿರಿಯಾಕೆ ಬೆಳ್ಳಿಯಮ್ಮ ಒಳಗಿನಿಂದ ಚೊಂಬು ಹಿಡಿದು ಬರುತ್ತಾರೆ. ಎಂಟು ತಿಂಗಳಿಂದ ಇವರಿಬ್ಬರಿಗೂ ಮಾತಿಲ್ಲ. ನಿನ್ನೆ ಸಂಜೆ ಬೆಳ್ಳಿಯಮ್ಮನೇ ಹೇಳಿಕಳಿಸಿದ್ದರಿಂದ ಸೆಲ್ಲಮ್ಮ ಮೊದಲ ಬಸ್ಸಿಗೇ ಬಂದಿದ್ದಾರೆ.

"ಮೊದ್ಲು ನೀರು ಕುಡಿ," ಎನ್ನುತ್ತಾರೆ ಬೆಳ್ಳಿಯಮ್ಮ. ಮುಖ ಮಾತ್ರ ಬೇರೆ ಕಡೆಗಿದೆ.

ಸೆಲ್ಲಮ್ಮ ಚೊಂಬೆತ್ತಿ ಗಟಗಟ ಕುಡಿಯುತ್ತಾರೆ. ಇದೇ ಬಾವಿಯ ನೀರು, ಕಾಯಿಸಿ ಆರಿಸಿದ್ದು. ಅದರಲ್ಲಿ ಏನಿದೆ ಎಂದು ಗೊತ್ತಿದ್ದೂ ಕುಡಿಯುತ್ತಾರೆ. ಮನೆಯವರು ನೀರು ಕೊಟ್ಟರೆ ಪರೀಕ್ಷೆಗೆ ಮುಂಚೆಯೇ ಕುಡಿದುಬಿಡಬೇಕು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. "ಟೆಸ್ಟ್ ಆದ್ಮೇಲೆ ಬೇಡ ಅಂದ್ರೆ ಮುಖಕ್ಕೆ ಹೊಡೆದ ಹಾಗಾಗುತ್ತೆ. ಕುಡಿದ್ರೆ, ನೋಡು, ಅವಳೇ ಕುಡಿದ್ಲು, ನಮ್ಮ ನೀರಿಗೇನಾಗಿದೆ ಅಂತಾರೆ. ಎರಡೂ ತಪ್ಪೇ. ಅದಕ್ಕೆ ಮುಂಚೇನೇ ಕುಡಿಯೋದು," ಎಂದು ನಗುತ್ತಾರೆ. ಆದರೆ ಹಾಗೆ ಕರೆದು ನೀರು ಕೊಡುವ ಮನೆಗಳು ಎಷ್ಟಿವೆ ಹೇಳಿ? ಸೆಲ್ಲಮ್ಮನ ಚೀಲದಲ್ಲಿ ಯಾವಾಗಲೂ ಅವರದೇ ಒಂದು ನೀರಿನ ಬಾಟಲಿ ಇರುತ್ತದೆ.

ಸಿಂಗಾನಲ್ಲೂರಿನ ಒಂದು ಸಣ್ಣ ಲ್ಯಾಬಿಗಾಗಿ ಸೆಲ್ಲಮ್ಮ ಮನೆಮನೆಯ ಬಾವಿ, ಬೋರುಗಳ ನೀರನ್ನು ಪರೀಕ್ಷೆ ಮಾಡುತ್ತಾರೆ. ದಿನಕ್ಕೆ ಎಂಟು ಹತ್ತು ಮನೆ. ಬಸ್ಸು ಹೋಗುವಷ್ಟು ದೂರ ಬಸ್ಸು, ಅಲ್ಲಿಂದ ಮುಂದೆ ಕಾಲೇ ಗತಿ. ಮೊದಲು ತರಿ ಓಡಿಸುತ್ತಿದ್ದವರು. ಈ ಕಡೆ ಮಗ್ಗಕ್ಕೆ ತರಿ ಎಂದೇ ಹೆಸರು. ಮಾಲೀಕರು ಶೆಡ್ಡು ಮಾರಿದ ಮೇಲೆ ಕೈಖಾಲಿ ಕೂತಿದ್ದಾಗ, ಬೀದಿಗೆ ನೀರು ನೋಡಲು ಬಂದ ಲ್ಯಾಬಿನವರ ಬಾಟಲಿಗಳನ್ನು ಹೊತ್ತುಕೊಟ್ಟರು. ಹೊರುವ ಕೆಲಸದಿಂದ ನೋಡುವ ಕೆಲಸಕ್ಕೆ ಬಂದು ಈಗ ಏಳನೆಯ ವರ್ಷ.

ಅವರ ಚೀಲದಲ್ಲಿ ಜನ ಹೆದರುವ ವಸ್ತು ಎರಡಿವೆ. ಒಂದು, ಔಷಧಿ ಹಚ್ಚಿದ ಕಾಗದವಿರುವ ಪುಟ್ಟ ಬಾಟಲಿ. ನೀರು ತುಂಬಿ ಎರಡು ದಿನ ಬೆಚ್ಚಗಿಟ್ಟರೆ, ಅದಕ್ಕೆ ಕಕ್ಕಸಿನ ಹುಳ ಸೇರಿದ್ದರೆ ಕರ್ರಗಾಗುತ್ತದೆ. ಬೆಚ್ಚಗಿನ ಜಾಗ ಎಂದರೆ ಸೆಲ್ಲಮ್ಮನ ಅಡುಗೆಮನೆ, ಒಲೆಯ ಪಕ್ಕದ ಗೂಡು. "ಒಂದು ಕಡೆ ಸಾಂಬಾರು, ಇನ್ನೊಂದು ಕಡೆ ಊರೋರ ಕಕ್ಕಸು. ನಂಗೆ ಅನ್ನ ಇಳಿಯೋದು ಹೆಂಗೆ?" ಎಂದು ಗಂಡ ಜಯರಾಮನ್ ರೇಗಿಸುತ್ತಾರೆ. ಇನ್ನೊಂದು, ಬೆರಳುದ್ದದ ಗಾಜಿನ ಕೊಳವೆ. ಗೆರೆಯವರೆಗೆ ನೀರು ಹಾಕಿ, ಪುಡಿ ಬೆರೆಸಿ, ಅಲ್ಲಾಡಿಸಿ, ಸ್ವಲ್ಪ ಹೊತ್ತು ಕಾಯಬೇಕು. ನೈಟ್ರೇಟ್ ಎಂಬ ಉಪ್ಪಿದ್ದರೆ ನೀರು ಗುಲಾಬಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕೇಡು ಜಾಸ್ತಿ. ಗೊಬ್ಬರದಿಂದ, ಕೊಟ್ಟಿಗೆಯಿಂದ, ಕಕ್ಕಸಿನ ಗುಂಡಿಯಿಂದ ನೆಲಕ್ಕೆ ಇಳಿದು ಬಾವಿ ಸೇರುವ ಉಪ್ಪು ಇದು. ನೀರಿನಲ್ಲಿ ಇದ್ದರೂ ಕಾಣುವುದಿಲ್ಲ, ನಾತ ಬರುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಸಿಹಿನೀರೆಂದರೆ ಒಳ್ಳೆಯ ನೀರು ಎಂದು ನಾವೆಲ್ಲ ನಂಬಿ ಕೂತಿದ್ದೇವಲ್ಲ, ಯಡವಟ್ಟು ಇರುವುದೇ ಅಲ್ಲಿ.

ಕೆಟ್ಟ ಸುದ್ದಿ ಹೇಳುವವರನ್ನು ಯಾರು ತಾನೆ ಹತ್ತಿರ ಸೇರಿಸುತ್ತಾರೆ! ನೀರು ಸರಿಯಿಲ್ಲ ಎಂದು ಗೊತ್ತಾದರೆ ಬಾಡಿಗೆಯವರು ಬಿಟ್ಟು ಹೋಗುತ್ತಾರೆ, ಜಾಗಕ್ಕೆ ಬೆಲೆ ಬರುವುದಿಲ್ಲ. ಮೊದಲ ಸಲ ಬಾಗಿಲು ತೆರೆದ ಮನೆಯೇ ಎರಡನೆಯ ಸಲ ನಾಯಿ ಬಿಟ್ಟದ್ದುಂಟು. ಒಬ್ಬರಂತೂ, ನೀನೇ ಬಾಟಲಿಗೆ ಏನೋ ಹಾಕಿ ಕಪ್ಪು ಮಾಡುತ್ತೀಯ ಎಂದು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದಾರೆ. ಹೊರಡುವಾಗ ಬರ್ತೀನಿ ಎನ್ನುವುದು ನಮ್ಮ ರೂಢಿ. ಸೆಲ್ಲಮ್ಮ ಆ ಮಾತನ್ನೇ ಬಿಟ್ಟಿದ್ದಾರೆ. "ನಾನು ಮತ್ತೆ ಬರ್ತೀನಿ ಅಂದ್ರೆ ಅವರ ಮುಖ ಹುಳ್ಳಗಾಗುತ್ತೆ. ಅದಕ್ಕೆ, ಆಯ್ತು ಅಂತ ಹೇಳಿ ಎದ್ದುಬಿಡ್ತೀನಿ."

ಬೆಳ್ಳಿಯಮ್ಮನ ಮನೆ ಮಾತ್ರ ಹಾಗಿರಲಿಲ್ಲ. ಇಬ್ಬರದೂ ಮನೆಮಾತು ಕನ್ನಡ. ಸೆಲ್ಲಮ್ಮ ನೇಯ್ಗೆಯವರು, ಬೆಳ್ಳಿಯಮ್ಮ ಬೇಸಾಯದವರು. ದಿನವಿಡೀ ಬೀದಿಯಲ್ಲಿ ತಮಿಳು ಮಾತಾಡಿ ಬಂದ ಸೆಲ್ಲಮ್ಮನಿಗೆ ಇಲ್ಲಿ ಜಗಲಿಯ ಮೇಲೆ ಕೂತು ಅಕ್ಕಾ ಎನ್ನುವ ಸಲಿಗೆ ಇತ್ತು. ಬಾವಿ ತೋಡಿಸಿದ್ದು ಬೆಳ್ಳಿಯಮ್ಮನ ಗಂಡ. ಆತ ಈಗಿಲ್ಲ. ಬೀದಿಗೆಲ್ಲ ಉಪ್ಪುನೀರು ಬಂದಾಗಲೂ ಈ ಬಾವಿಯದು ಸಿಹಿ, ಅದು ಆಕೆಯ ದೊಡ್ಡ ಹೆಮ್ಮೆ. ಹೋದ ಮಳೆಗಾಲದಲ್ಲಿ ಇಲ್ಲಿಯ ಬಾಟಲಿಯೂ ಕರ್ರಗಾಯಿತು. ಕಾಯಿಸಿ ಕುಡೀರಿ ಅಕ್ಕಾ ಎಂದರು ಸೆಲ್ಲಮ್ಮ. ಲ್ಯಾಬಿನವರು ಹೇಳಿಕೊಟ್ಟಿದ್ದೂ ಅದನ್ನೇ, ಹುಳಕ್ಕೆ ಸರಿಯಾದ ಮಾತೂ ಅದೇ. ಗುಲಾಬಿಯ ಕೊಳವೆ ಆಗಿನ್ನೂ ಅವರ ಚೀಲಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಬೆಳ್ಳಿಯಮ್ಮನ ಮಗಳು ನಿವೇತಾ ಚೊಚ್ಚಲ ಬಾಣಂತನಕ್ಕೆ ತಾಯಿಮನೆಗೆ ಬಂದಳು. ಗಂಡು ಕೂಸು. ಎದೆಹಾಲು ಸಾಲಲಿಲ್ಲ, ಪುಡಿಹಾಲು ಕಲಸಬೇಕಾಯಿತು. ಬೆಳ್ಳಿಯಮ್ಮ ನಸುಕಿನಲ್ಲೇ ಎದ್ದು ಸೌದೆ ಒಲೆ ಹೊತ್ತಿಸಿ ಬಾವಿ ನೀರು ಕಾಯಿಸುತ್ತಿದ್ದರು. ಬರೀ ಕುದಿಸಿದರೆ ಆಕೆಗೆ ಸಮಾಧಾನವಿಲ್ಲ. ಕಷಾಯ ಬತ್ತಿಸಿದ ಹಾಗೆ ಅರ್ಧಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಕೂಸಿನ ಹಾಲಿಗೆ ಬೆರೆಸುವುದು. ಕಾಯಿಸಿದರೆ ಹುಳ ಸಾಯುತ್ತದೆ, ನಿಜ. ಉಪ್ಪು ಎಲ್ಲಿಗೆ ಹೋಗಬೇಕು? ನೀರು ಆವಿಯಾದಷ್ಟೂ ಅದು ಉಳಿದ ನೀರಿನಲ್ಲೇ ಕೂಡಿಕೊಳ್ಳುತ್ತದೆ. ದೊಡ್ಡವರಿಗೆ ಕೂಡಲೇ ಏನೂ ತಿಳಿಯುವುದಿಲ್ಲ, ಎಳೆಗೂಸಿನ ರಕ್ತ ಮಾತ್ರ ಉಸಿರು ಹೊರಲಾರದೆ ಮೈ ನೀಲಿಗಟ್ಟುತ್ತದೆ. ಅಯ್ಯೋ, ಆ ಅಜ್ಜಿ ಎಷ್ಟು ಜತನ ಮಾಡಿದರೋ ಅಷ್ಟೂ ಕೂಸಿಗೆ ವಿಷವಾಯಿತು.

ಕೂಸಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಸೆಲ್ಲಮ್ಮ ಹೊಸ ಕೊಳವೆ ಹಿಡಿದು ಇದೇ ಕಟ್ಟೆಗೆ ಬಂದರು. ನೀರು ನೋಡನೋಡುತ್ತಿದ್ದಂತೆ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗಿತು. ತಲೆಯೆತ್ತಿದರೆ ಜಗಲಿಯಲ್ಲಿ ನಿವೇತಾ, ಮಡಿಲಲ್ಲಿ ಕೂಸು. "ತುಟಿ ನೋಡಿದೆ. ನೇರಳೆಹಣ್ಣು ತಿಂದೋರ ತುಟಿ ಇರುತ್ತಲ್ಲ, ಹಂಗಿತ್ತು. ಉಗುರೂ ಹಂಗೇ. ಅಕ್ಕಾ, ಮೊದ್ಲು ಆಸ್ಪತ್ರೆಗೆ ಎತ್ಕೊಂಡು ಓಡಿ, ಈ ನೀರು ಇನ್ನೊಂದು ಚಮಚ ಕೊಡ್ಬೇಡಿ ಅಂತ ಕಿರುಚಿದೆ," ಎನ್ನುತ್ತಾರೆ ಸೆಲ್ಲಮ್ಮ. ಚಳಿಗೆ ಹಾಗಾಗಿದೆ, ದೃಷ್ಟಿ ತೆಗೆದರೆ ಸರಿಹೋಗುತ್ತದೆ ಎಂದು ಬೆಳ್ಳಿಯಮ್ಮ ತಡೆದರು. ನಿವೇತಾ ಕೇಳಲಿಲ್ಲ. ಕಾರು ಕರೆಸಿ ಕೊಯಮತ್ತೂರಿಗೆ ಹೊರಟಳು.

ಕೂಸು ಉಳಿಯಿತು. ಉಳಿಯದೆ ಹೋದದ್ದು ಬೇರೆ. ನಿವೇತಾಳ ಮಾವ ಈಶ್ವರನ್ ಕೊಯಮತ್ತೂರಿನ ಉಕ್ಕಡಂನಲ್ಲಿ ಈರುಳ್ಳಿ ಮಂಡಿ ಇಟ್ಟವರು. ಅವರು ಆಸ್ಪತ್ರೆಯಿಂದಲೇ ಸೊಸೆ, ಮೊಮ್ಮಗ ಇಬ್ಬರನ್ನೂ ತಮ್ಮ ಮನೆಗೆ ಕರೆದೊಯ್ದರು. ಬಾಣಂತನ ಅರ್ಧಕ್ಕೇ ಮುಗಿಯಿತು. ಬೆಳ್ಳಿಯಮ್ಮ ಸೆಲ್ಲಮ್ಮನನ್ನು ಕೇಳಿದ್ದು ಒಂದೇ ಮಾತು: "ಅವತ್ತು ಕಾಯ್ಸು ಅಂದೋಳೂ ನೀನೇ, ಇವತ್ತು ಕಾಯ್ಸಿದ್ದೇ ತಪ್ಪು ಅನ್ನೋಳೂ ನೀನೇ. ನಾನು ಯಾವ ಸೆಲ್ಲಮ್ಮನ್ನ ನಂಬ್ಲಿ?" ಅಂದಿನಿಂದ ಮಾತು ನಿಂತಿತು.

ಈಗ ಬೆಳ್ಳಿಯಮ್ಮ ಮಾತಾಡುತ್ತಾರೆ. ಮಾತೆಲ್ಲ ಬಾವಿಗೇ ಹೇಳಿದ ಹಾಗೆ. "ಕೊಟ್ಟಿಗೆ ಕಿತ್ತು ಆಚೆ ಹಾಕ್ದೆ. ಕಕ್ಕಸು ಗುಂಡಿ ಮುಚ್ಚಿಸ್ದೆ. ಆಳು ಇಳಿಸಿ ಹೂಳೆಲ್ಲ ತೆಗೆಸ್ದೆ. ಈ ವರ್ಷ ಬಾವಿ ಸುತ್ತ ಒಂದು ಹಿಡಿ ಗೊಬ್ಬರ ಹಾಕಿಲ್ಲ. ಇನ್ನೇನು ಮಾಡ್ಲಿ? ಮುಂದಿನ ವಾರ ಕೂಸಿಗೆ ಕಿವಿ ಚುಚ್ಚೋದು, ನಮ್ಮನೇಲಿ ಆಗ್ಬೇಕು. ಕ್ಯಾನ್ ನೀರು ತರಿಸಿ ಇಡ್ತೀನಿ ಅಂದೆ. ಸಮ್ಮಂದಿ, ನಿವೇತಾ ಮಾವ, ನಂಬೋದಿಲ್ಲ. ಬಾವಿ ಇರೋತನಕ ನೀವು ಅದನ್ನೇ ಕೊಡ್ತೀರಿ ಅಂತಾರೆ. ಆ ಸೆಲ್ಲಮ್ಮ ನೋಡಿ ನೀರು ಸರಿ ಅಂತ ಹೇಳ್ಲಿ, ಅವತ್ತೇ ಕಳಿಸ್ತೀನಿ ಅಂದ್ರು."

ಸೆಲ್ಲಮ್ಮ ಬಕೆಟ್ಟು ಇಳಿಸುತ್ತಾರೆ. ಕೊಳವೆಯನ್ನು ಅದೇ ನೀರಿನಲ್ಲಿ ತೊಳೆದು, ಗೆರೆಯವರೆಗೆ ತುಂಬಿ, ಪುಡಿ ಹಾಕಿ ಅಲ್ಲಾಡಿಸಿ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಇಬ್ಬರೂ ಅದನ್ನೇ ನೋಡುತ್ತ ಕೂರುತ್ತಾರೆ. ತೆಂಗಿನ ಗರಿಗಳ ಸಂದಿನಿಂದ ಬೆಳಕು ಬೀಳುತ್ತದೆ. ನೀರು ಮೊದಲು ಹಾಗೇ ಇರುತ್ತದೆ. ಬೆಳ್ಳಿಯಮ್ಮನ ಮುಖ ಒಂದಿಷ್ಟು ಅರಳುತ್ತದೆ. ಆಮೇಲೆ ತಳದಿಂದ ಬಣ್ಣ ಏಳುತ್ತದೆ. ದಾಳಿಂಬೆಯಷ್ಟು ಗಾಢವಲ್ಲ. ಆದರೂ ಗುಲಾಬಿಯೇ.

"ಕಮ್ಮಿ ಆಗಿದೆ ಅಲ್ವಾ?"

"ಕಮ್ಮಿ ಆಗಿದೆ ಅಕ್ಕಾ. ಸಾಲದು. ನೆಲದೊಳಗೆ ಇಳಿದಿರೋದು ಇಷ್ಟು ಬೇಗ ಹೋಗಲ್ಲ."

ಬೆಳ್ಳಿಯಮ್ಮ ಸಟ್ಟನೆ ಸೆಲ್ಲಮ್ಮನ ಕೈ ಹಿಡಿಯುತ್ತಾರೆ. "ಒಂದು ಮಾತು ಹೇಳಿಬಿಡು ತಾಯಿ. ಸರಿಯಾಗಿದೆ ಅಂತ ಒಂದೇ ಒಂದು ಮಾತು. ನಾನು ಈ ನೀರು ಮುಟ್ಟಿಸೋದಿಲ್ಲ, ಆ ಕೂಸಿನ ಮೇಲಾಣೆ. ಎರಡು ದಿನ ಅದು ಈ ಮನೇಲಿ ಆಡ್ಲಿ, ಸಾಕು."

ಆ ಒಂದು ಮಾತು ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ? ಕೂಸಿಗೆ ಈಗ ಹತ್ತು ತಿಂಗಳು, ಎಳೆಗೂಸಿನಷ್ಟು ಅಪಾಯವಿಲ್ಲ ಎಂದು ಲ್ಯಾಬಿನವರೇ ಹೇಳುತ್ತಾರೆ. ಕ್ಯಾನ್ ನೀರು ಬರುತ್ತದೆ. ಬೆಳ್ಳಿಯಮ್ಮ ಆಣೆ ತಪ್ಪುವವರಲ್ಲ. ಆದರೆ ಸೆಲ್ಲಮ್ಮ ಸರಿ ಎಂದರೆ ಆ ಮಾತು ಈ ಮನೆಯೊಳಗೆ ನಿಲ್ಲುತ್ತದೆಯೇ? ಸಿಹಿನೀರೆಂದು ಇಲ್ಲಿಂದಲೇ ಹೊತ್ತೊಯ್ಯುತ್ತಿದ್ದ ಪಕ್ಕದ ಲೈನ್ ಮನೆಗಳವರು ಈಗಷ್ಟೇ ಬಿಟ್ಟಿದ್ದಾರೆ. ನಾಳೆಯೇ ಕೊಡ ಹಿಡಿದು ಬರುತ್ತಾರೆ. ಅಲ್ಲೊಬ್ಬಳು ತುಂಬು ಬಸುರಿ ಇದ್ದಾಳೆ.

"ಆಗಲ್ಲ ಅಕ್ಕಾ," ಎನ್ನುತ್ತಾರೆ ಸೆಲ್ಲಮ್ಮ. "ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಕೇಳ್ಬೇಡಿ."

ಬೆಳ್ಳಿಯಮ್ಮ ಕೈ ಬಿಡುತ್ತಾರೆ. ಎದ್ದು ಒಳಗೆ ಹೋಗಿ ಫೋನ್ ತರುತ್ತಾರೆ. ಆಕೆಗೆ ಓದು ಬರಹ ಬರುವುದಿಲ್ಲ. ಹಸಿರು ಗುಂಡಿ ಒತ್ತಿದರೆ ಉಕ್ಕಡಂಗೆ ಹೋಗುವಂತೆ ಮಗಳು ಮಾಡಿಟ್ಟಿದ್ದಾಳೆ. ಸುಳ್ಳು ಹೇಳಲು ಈಗ ಸೆಲ್ಲಮ್ಮನ ಬಾಯಿಯೇ ಬೇಕೆಂದಿಲ್ಲವಲ್ಲ. ಅವಳು ಬಂದಿದ್ದಳು, ಸರಿ ಅಂದಳು ಎಂದು ಆಕೆಯೇ ಹೇಳಿಬಿಟ್ಟರೆ ಉಕ್ಕಡಂನಲ್ಲಿ ಕೂತವರಿಗೆ ಏನು ಗೊತ್ತಾಗುತ್ತದೆ?

"ಸಮ್ಮಂದಿ, ನಾನು ಬೆಳ್ಳಿ ಮಾತಾಡೋದು. ಸೆಲ್ಲಮ್ಮ ಬಂದು ನೋಡಿದ್ಲು. ನೀರು ಇನ್ನೂ ಸರಿಯಾಗ್ಲಿಲ್ಲ... ಇಲ್ಲ, ಇಲ್ಲ. ಕೂಸನ್ನ ಕಳಿಸ್ಬೇಡಿ. ಕಿವಿ ಅಲ್ಲೇ ಚುಚ್ಚಿಸಿ. ನಾನೇ ಹೇಳ್ತಾ ಇದೀನಿ, ಕಳಿಸ್ಬೇಡಿ."

ಫೋನ್ ಮಡಿಲಲ್ಲಿಟ್ಟುಕೊಂಡು ಬಾವಿಕಟ್ಟೆಗೆ ತಲೆಯಾನಿಸಿ ಬೆಳ್ಳಿಯಮ್ಮ ಅಳುತ್ತಾರೆ. ಸೆಲ್ಲಮ್ಮ ಕೊಳವೆ ತೊಳೆದು, ಚೀಲ ಕಟ್ಟಿ, ಮಾಮೂಲಿನಂತೆ ಆಯ್ತು ಅಕ್ಕಾ ಎಂದು ಬೆನ್ನು ತಿರುಗಿಸುತ್ತಾರೆ. ಗೇಟಿನವರೆಗೆ ಹೋದಾಗ ಹಿಂದಿನಿಂದ ದನಿ ಬರುತ್ತದೆ.

"ಸೆಲ್ಲಮ್ಮ. ಮುಂದಿನ ತಿಂಗಳು ಬಾ. ಬಂದು ನೋಡು."

ಬಸ್ಸು ಬರಲು ಇನ್ನೂ ತಡವಿದೆ. ಸೆಲ್ಲಮ್ಮ ನಿಲ್ದಾಣದ ಬೆಂಚಿನ ಮೇಲೆ ಕೂರುತ್ತಾರೆ. ಈಗ ಹೋಗಬೇಕಾದ ಮನೆ ಇನ್ನೂ ಏಳಿವೆ. ಕಣ್ಣೊರೆಸಿಕೊಂಡು, ಯಾರನ್ನೂ ನೋಡದೆ ಹೇಳುತ್ತಾರೆ: "ಇಷ್ಟು ವರ್ಷ ಈ ಕೆಲಸ ಮಾಡಿದೀನಿ. ನೀರು ಸರಿಯಿಲ್ಲ ಅಂದ್ಮೇಲೆ ಇನ್ನೊಂದ್ಸಲ ಬಾ ಅಂತ ಒಬ್ರೂ ಅಂದಿರ್ಲಿಲ್ಲ. ಇವತ್ತು ನಾನೂ ಬರ್ತೀನಿ ಅಕ್ಕಾ ಅಂತ ಹೇಳಿಯೇ ಬಂದೆ."