ತಗಡಿಗೆ ಕಚ್ಚದ ಬಣ್ಣ

ಬಿಸಿಲಿನಿಂದಲೇ ಬದುಕುವ ಸರಕು ಬಿಸಿಲಿಗೇ ಹಾಳಾಗುತ್ತದೆ. ವ್ಯವಹಾರ ತಿಳಿದವರು ಇಂಥ ಕಸುಬಿಗೆ ಕೈ ಹಾಕುವುದಿಲ್ಲ. ಪೇಂಟರ್ ಹಾಕಿದ್ದ. ಅಂಗಡಿ ಬೋರ್ಡು ಬರೆದುಕೊಂಡು ಹಾಯಾಗಿರಬೇಕಾದವನು ಬಿಸಿಲಿಗೆ ಹೊತ್ತು ತೋರಿಸುವ ನೆರಳಿನ ಗಡಿಯಾರಗಳ ಮುಖಕ್ಕೆ ಗೆರೆ, ಅಂಕಿ ಬರೆಯುವ ಹುಚ್ಚು ಹಚ್ಚಿಕೊಂಡಿದ್ದ. ಬೋರ್ಡಿಗಾದರೆ ಸಂಜೆಗಾದರೂ ಒಂದಿಷ್ಟು ಮರೆ ಸಿಗುತ್ತದೆ. ಇವನ ಮಾಲನ್ನು ಮರೆಯೇ ಇಲ್ಲದ ಗೋಡೆ ಹುಡುಕಿ ಏರಿಸಬೇಕು.

ಅದರಲ್ಲೂ ಉದ್ಯಾನದ ಗೋಡೆಯ ಗಡಿಯಾರ ಅವನ ಜೀವ ತಿಂದಿತ್ತು. ಮೊದಲು ಪ್ಲೈವುಡ್ ಹಾಕಿದ. ಮಳೆಗೆ ಉಬ್ಬಿ ಪದರ ಪದರವಾಗಿ ಬಾಯಿಬಿಟ್ಟಿತು. ಆಮೇಲೆ ಕಬ್ಬಿಣದ ತಗಡು. ಬಣ್ಣದಡಿಯಿಂದ ತುಕ್ಕು ಇಳಿಯಿತು. ಪ್ರತಿ ಸಲವೂ ಏಣಿ ಹತ್ತಿ ಬಿಚ್ಚಿದ್ದ, ಮತ್ತೆ ಹತ್ತಿ ಕೂರಿಸಿದ್ದ. ಈಗ ಮಂಡಿಗಳು ಮಾತು ಕೇಳುತ್ತಿರಲಿಲ್ಲ. ಇದೊಂದು ನಿಂತುಬಿಟ್ಟರೆ ಇನ್ನು ಏಣಿಯ ಸಹವಾಸವೇ ಬೇಡ. ನಿಲ್ಲದಿದ್ದರೆ ಏನು ಗತಿ ಎಂದು ಯೋಚಿಸಲು ಅವನಿಗೆ ತ್ರಾಣವಿರಲಿಲ್ಲ.

ಉದ್ಯಾನದ ಮೇಲ್ವಿಚಾರಕ ಪೇಂಟರನ ಮನೆ ಬಾಗಿಲಿಗೆ ಒರಗಿ, "ಅಣ್ಣಾ, ಈ ಸಲ ಅಂಕಿ ಕೆಂಪಗಿರ್ಲಿ. ಕಣ್ಣಿಗೆ ಹೊಡೀಬೇಕು," ಎಂದ.

"ಕೆಂಪು ಬೇಸಿಗೆ ಮುಗಿಯೋಷ್ಟ್ರಲ್ಲಿ ಗುಲಾಬಿ ಆಗತ್ತೆ, ಆಮೇಲೆ ಮಾಯ. ಕಪ್ಪು ಹಾಕ್ತೀನಿ, ಸುಮ್ನಿರು."

"ಮೇಲೆ ವಾರ್ನಿಶ್ ಆದ್ರೂ ಬಳೀರಿ. ಫಳಫಳ ಅಂತಿರ್ಲಿ."

"ಫಳಫಳ ಅಂದ್ರೆ ನೆರಳೇ ಕಾಣಲ್ಲ. ನೀನು ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕಷ್ಟೆ."

ಮೇಲ್ವಿಚಾರಕ ನಗುತ್ತ ಹೋದ. ಪೇಂಟರ್ ಅಲ್ಯೂಮಿನಿಯಂ ತಗಡು ತಂದ. ಅದು ಉಬ್ಬುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಆ ನುಣುಪಿಗೆ ಬಣ್ಣ ಕಚ್ಚಬೇಕಾದರೆ ಮೊದಲು ಉಪ್ಪುಕಾಗದದಿಂದ ಇಡೀ ಮೈ ಉಜ್ಜಿ ಒರಟು ಮಾಡಬೇಕು. ಅದು ಅವನಿಗೆ ಗೊತ್ತಿತ್ತು. ಅವನ ಭುಜಕ್ಕೂ ಗೊತ್ತಿತ್ತು. ಅಂಚಿನಲ್ಲಿ ಒಂದಿಷ್ಟು ಉಜ್ಜಿದ ಶಾಸ್ತ್ರ ಮುಗಿಸಿ, ಪ್ರೈಮರ್ ಬಳಿದು, ಹೊಳಪಿಲ್ಲದ ಬಿಳಿಯ ಮೇಲೆ ಗೆರೆ, ಅಂಕಿ ಬರೆದ.

ಬಣ್ಣ ಒಣಗಿದ ಮೇಲೆ ಹೆಂಡತಿ ಬಂದು ನೋಡಿದಳು. ಹೊಗಳಲಿಲ್ಲ. ಹೆಬ್ಬೆರಳಿನ ಉಗುರು ಕೊಟ್ಟು ಮೀಟಿದಳು. ಹನ್ನೊಂದರ ಅಂಕಿ ಹಾಲಿನ ಕೆನೆಯಂತೆ ಎದ್ದು ಬಂತು.

"ರೀ, ಉಜ್ಜಿದ್ರಾ?"

"ಉಜ್ದೆ."

"ಎಲ್ಲಿ?"

ಅವನು ಅಂಚು ತೋರಿಸಿದ. "ಗೋಡೆ ಮೇಲೆ ಯಾರು ಉಗುರು ಹಾಕ್ತಾರೆ, ಬಿಡೇ."

"ಬಿಸಿಲು ಹಾಕತ್ತೆ. ಆಮೇಲೆ ಮೇಲೆ ಹತ್ತೋರು ಯಾರು, ನಾನಾ?"

ಪೇಂಟರ್ ಎದ್ದು ಬಂದ ಅಂಕಿಯನ್ನು ಮತ್ತೆ ಅದರ ಜಾಗಕ್ಕೆ ಒತ್ತಿ ನೋಡಿದ. ಬರೆದದ್ದು ಚೆನ್ನಾಗಿತ್ತು, ಅದೇ ಸಂಕಟ. ಕೊನೆಗೆ ತಗಡನ್ನು ನೆಲಕ್ಕೆ ಇಳಿಸಿ, ತಾನು ಬರೆದ ಅಂಕಿಗಳನ್ನು ತಾನೇ ಒಂದೊಂದಾಗಿ ಕೆರೆದು ಹಾಕಿದ. ಹೆಂಡತಿ ಎದುರಿಗೆ ಕೂತು ಉಪ್ಪುಕಾಗದವನ್ನು ಎರಡಾಗಿ ಹರಿದಳು.

"ನಾನು ಈ ಕಡೆಯಿಂದ ಬರ್ತೀನಿ, ನೀವು ಆ ಕಡೆಯಿಂದ ಬನ್ನಿ. ಮಧ್ಯದಲ್ಲಿ ಸಿಗೋಣ. ಅಷ್ಟರಲ್ಲಿ ನಿದ್ದೆ ಹೋಗ್ಬೇಡಿ."