ಚಿಕ್ಕಿ ಹಾಕಿದ ಕೊಸರು

ಕಾಡಿನಲ್ಲಿ ಕಡವೆಗಳ ಅಂದಾಜು ತೆಗೆಯಲು ಸ್ವಯಂಸೇವಕರು ಬೇಕು ಎಂಬ ಸುದ್ದಿ ಬಂದದ್ದೇ ತಡ, ನನ್ನ ಚಿಕ್ಕಿ ಮೂರು ದಿನ ಮೀನುಬುಟ್ಟಿ ಮುಟ್ಟುವುದಿಲ್ಲ ಎಂದು ಸಾರಿಬಿಟ್ಟಳು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು.

ಚಿಕ್ಕಿ ಅಂದರೆ ಅಮ್ಮನ ತಂಗಿ. ಉಪ್ಪುಂದದ ಕಡಲಬದಿಯಿಂದ ಬಂಗುಡೆ ಮೀನು ಹೊತ್ತು ಕಾಡಂಚಿನ ಮನೆಗಳಿಗೆ ಮಾರುವವಳು. ಮೊದಲೆಲ್ಲ ಆ ದಾರಿಯ ತೋಡಿನಲ್ಲಿ ಕಡವೆ ನೀರು ಕುಡಿಯುವುದನ್ನು ಎಷ್ಟೋ ಸಲ ಕಂಡಿದ್ದಳಂತೆ. ಈಚಿನ ಐದಾರು ವರ್ಷದಲ್ಲಿ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಅವು ಇನ್ನೂ ಇವೆಯೋ ಇಲ್ಲವೋ ತಿಳಿಯದೆ ಅವಳಿಗೆ ಸಮಾಧಾನವಿರಲಿಲ್ಲ.

ಹೆಸರು ಕೊಡಲು ಹೋದಾಗ ಫಾರೆಸ್ಟ್ ಗಾರ್ಡ್ ತಲೆ ಕೆರೆದುಕೊಂಡರು. "ಮೀನಿನ್ ವಾಸ್ನಿಗೆ ಕಡವೆ ಓಡಿ ಹೋತಿಲ್ಯಾ?"

"ನಾವ್ ಎಣ್ಸೂದ್ ಅದ್ರ್ ಹಿಕ್ಕಿ ಅಲ್ದಾ? ಹಿಕ್ಕಿಗೆ ಮೂಗಿತ್ತಾ?" ಎಂದಳು ಚಿಕ್ಕಿ.

ಅವರು ನಕ್ಕು ನಮ್ಮಿಬ್ಬರನ್ನೂ ಸೇರಿಸಿಕೊಂಡರು. ಆದರೆ ಲೆಕ್ಕ ಮರುಪರೀಕ್ಷೆ ಮಾಡುತ್ತೇನೆ, ತಾಳೆಯಾಗದಿದ್ದರೆ ನಿಮಗೆ ಕೊಟ್ಟ ಎಣಿಕೆಯ ದಾರಿ ಬೇರೆಯವರಿಗೆ ಎಂದೂ ಹೇಳಿದರು.

ನೂರು ಹೆಜ್ಜೆಗೊಮ್ಮೆ ನಿಂತು, ನೆಲದ ಮೇಲೆ ಹಗ್ಗದಲ್ಲಿ ಒಂದು ಸುತ್ತು ಹಾಕಿ, ಅದರೊಳಗೆ ಎಷ್ಟು ಕಡೆ ಹಿಕ್ಕೆ ಬಿದ್ದಿದೆ ಎಂದು ಎಣಿಸುವುದು ನಮ್ಮ ಕೆಲಸ. ನಾನು ಕಾಗದದಲ್ಲಿ ಗೀಟು ಹಾಕುತ್ತಿದ್ದೆ. ಓದು ಬರಹ ಬಾರದ ಚಿಕ್ಕಿ ಎಲೆಯಡಿಕೆ ಚೀಲಕ್ಕೆ ಒಂದೊಂದು ಹುಣಸೆಬೀಜ ಹಾಕುತ್ತಿದ್ದಳು. ಸಂಜೆ ನೋಡಿದರೆ ನನ್ನ ಗೀಟು ಇಪ್ಪತ್ತು, ಅವಳ ಬೀಜ ಇಪ್ಪತ್ತೆರಡು! ನನಗೆ ಸಿಟ್ಟು ನೆತ್ತಿಗೇರಿತು.

"ಶಾಲಿಗ್ ಹೋದವ್ಳ್ ನೀನ್. ಆದ್ರೂ ತಪ್ಪಿದ್ದ್ ನೀನೇ" ಎಂದಳು.

ಅವಳ ಕಣ್ಣಿನ ಮುಂದೆ ನನ್ನ ಪೆನ್ಸಿಲ್ ಯಾವ ಲೆಕ್ಕ? ಹೌದೇನೋ ಅನಿಸಿ, ಅಳಿಸಿ ಇಪ್ಪತ್ತೆರಡು ಎಂದೇ ಬರೆದೆ.

ಮರುದಿನ ಗಾರ್ಡ್ ಅದೇ ದಾರಿಯಲ್ಲಿ ಒಂದೊಂದು ಹಿಕ್ಕೆಗೂ ಒಂದೊಂದು ಎಲೆ ಮುಚ್ಚುತ್ತ ಬಂದರು. ಸರಿಯಾಗಿ ಇಪ್ಪತ್ತು. ಅವರ ಮುಖ ಗಂಟಿಕ್ಕಿತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆ. ಚಿಕ್ಕಿ ಮಾತ್ರ ಎದೆಯುಬ್ಬಿಸಿ ನಿಂತಿದ್ದಳು.

"ಹತ್ತಕ್ಕೊಂದ್ ಕೊಸರ್ ಹಾಕಿದೆ. ಬಂಗುಡೆ ಕೊಟ್ರೂ ಮೇಲೊಂದ್ ಹೆಚ್ಚಿಗಿ ಹಾಕ್ತಿಲ್ಯಾ? ಬರೀ ಲೆಕ್ಕ ಕೊಟ್ಟ್ ಕೈ ಒರ್ಸುದ್ ಹ್ಯಾಂಗೆ? ಮೊದ್ಲೇ ಅವ್ ಕಮ್ಮಿ, ಪಾಪ."

ಅಯ್ಯೋ ದೇವರೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ್ದನ್ನು ಇದೆ ಎಂದು ಬರೆದರೆ, ಬೇಕಾದಷ್ಟಿವೆ ಎಂದುಕೊಂಡು ಅವುಗಳನ್ನು ಕಾಯುವವರೇ ಇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವಳ ಮುಖ ಬಾಡಿತು.

"ತಪ್ಪಾಯ್ತ್ ಮಾರಾಯ್ರೆ. ನಾಳಿ ಒಂದ್ ದಿನ ಕೊಡಿ" ಎಂದು ಗಾರ್ಡ್ ಹತ್ತಿರ ಕೇಳಿಕೊಂಡಳು. ಯಾರ ಎದುರೂ ಸೋಲದ ಚಿಕ್ಕಿ ಹೀಗೆ ಬೇಡಿದ್ದು ನಾನು ಕಂಡದ್ದು ಅದೇ ಮೊದಲು.

"ಕಾಂಬ, ನಾಳಿ ನಾನೂ ಬತ್ತೆ" ಎಂದರು ಅವರು.

ಮೂರನೆಯ ದಿನ ತೋಡಿನ ಕಡೆಯ ದಾರಿ. ಗಾರ್ಡ್ ಜೊತೆಗೇ ನಡೆದರು. ಚಿಕ್ಕಿ ಜಿಪುಣಿಯ ಹಾಗೆ ಎಣಿಸಿದಳು, ಒಂದು ಬೀಜವೂ ಹೆಚ್ಚಿಲ್ಲ. ಕೊನೆಯ ಸುತ್ತು ತೋಡಿನ ಹತ್ತಿರ, ಅವಳು ಹಿಂದೆ ಕಡವೆ ಕಾಣುತ್ತಿದ್ದ ಜಾಗದಲ್ಲೇ. ಅಲ್ಲಿ ಏನೂ ಇರಲಿಲ್ಲ. ಹುಲ್ಲು ಸರಿಸಿ ಸರಿಸಿ ಹುಡುಕಿದಳು.

"ಸೊನ್ನಿ ಬರಿ, ಹೆಣ್ಣೇ" ಎಂದಳು. ಸ್ವರ ಒಡೆದಿತ್ತು. ನಾನೇ ಒಂದು ಗೀಟು ಎಳೆದುಬಿಡಲೇ ಅನಿಸಿತು. ಎಳೆಯಲಿಲ್ಲ. ಗಾರ್ಡ್ ನೋಡಿ, ಲೆಕ್ಕ ಸಮ ಇದೆ ಎಂದು ಸಹಿ ಹಾಕಿದರು.

ಕೈಕಾಲು ತೊಳೆಯಲು ತೋಡಿಗಿಳಿದ ಚಿಕ್ಕಿ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಒದ್ದೆ ಮಣ್ಣಿನಲ್ಲಿ ಕಡವೆಯ ಹೆಜ್ಜೆಗಳು, ಹಸಿ ಹಸಿ. ಅವುಗಳ ಪಕ್ಕದಲ್ಲೇ, ಅಡಿಕೆ ಹೋಳಿನಷ್ಟು ಸಣ್ಣ ಸಣ್ಣ ಹೆಜ್ಜೆಗಳು. ಮರಿಯದ್ದು.

ಇದು ಹಗ್ಗದ ಸುತ್ತಿನ ಹೊರಗೆ, ಪಟ್ಟಿಗೆ ಸೇರುವುದಿಲ್ಲ ಎಂದು ಗಾರ್ಡ್ ಬೇಸರದಿಂದಲೇ ಹೇಳಿದರು.

ಚಿಕ್ಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಪಟ್ಟಿಗ್ ಬರೆಯುದ್ ಬ್ಯಾಡ ಮಾರಾಯ್ರೆ. ಇದ್ ಕಡವಿಯೇ ನಂಗೆ ಹಾಕಿದ್ ಕೊಸರ್."